ಕೊಪ್ಪೆಯಿಂದ ಬಂದ ಹೆಸರು

ಮುಂಗಾರು ಹಿಡಿದ ದಿನಗಳಲ್ಲಿ ರಾವಂದೂರಿನ ಸುತ್ತಲ ಹೊಲಗಳಲ್ಲಿ ಗೋಣಿಚೀಲವನ್ನು ಮಡಿಸಿ, ಕೊಪ್ಪೆ ಮಾಡಿ, ತಲೆಗೆ ಹಾಕಿಕೊಂಡು ದುಡಿಯುವವರನ್ನು ನೀವು ಕಂಡಿದ್ದೀರಿ. ನಮ್ಮ ಹಿರಿಯರಿಗೆ ಅದು ಕಂಬಳಿ ಕೊಪ್ಪೆ. ಮೈಸೂರಿನ ಕಾಫಿ ಅಂಗಡಿಗಳಲ್ಲಿ ನಮ್ಮ ಮಕ್ಕಳು ಹೆಸರು ಹೇಳಿ ತರಿಸಿಕೊಳ್ಳುವ 'ಕ್ಯಾಪುಚಿನೋ' ಎಂಬ ಇಟಾಲಿಯನ್ ಪದದ ಒಡಲಲ್ಲಿಯೂ ಇಂಥದೇ ಒಂದು ಕೊಪ್ಪೆ ಅಡಗಿದೆ.

ಇಟಾಲಿಯನ್ ಭಾಷೆಯಲ್ಲಿ 'ಕಪ್ಪುಚ್ಚೊ' ಎಂದರೆ ನಿಲುವಂಗಿಯ ತಲೆಮುಸುಕು. (ಕೊಪ್ಪೆಗೂ ಇದಕ್ಕೂ ಉಚ್ಚಾರದಲ್ಲಿ ಹೋಲಿಕೆಯಿದೆಯೆಂದು ನೆಂಟಸ್ತಿಕೆ ಕಟ್ಟಬೇಡಿ, ಹೋಲಿಕೆ ಅರ್ಥದಲ್ಲಷ್ಟೆ.) 1525ರಲ್ಲಿ ಮತ್ತೇಯೊ ದ ಬಾಷಿಯೊ ಎಂಬ ಫ್ರಾನ್ಸಿಸ್ಕನ್ ಸಂನ್ಯಾಸಿ, ಅಸ್ಸಿಸಿಯ ಸಂತ ಫ್ರಾನ್ಸಿಸರ ಮೊದಲಿನ ಬಡತನಕ್ಕೆ ಮರಳಬೇಕೆಂಬ ಹಂಬಲದಿಂದ, ಒರಟು ಬಟ್ಟೆಯ ಅಂಗಿಯನ್ನೂ ಚೂಪಾದ ತಲೆಮುಸುಕನ್ನೂ ಧರಿಸಿ ಮಠದಿಂದ ಹೊರಟರು. ಸ್ವಂತ ಸಭೆಯವರೇ ಅವರನ್ನು ವಿರೋಧಿಸಿದರು. 1528ರಲ್ಲಿ ಜಗದ್ಗುರು ಏಳನೆಯ ಕ್ಲೆಮೆಂಟರು ಈ ಹೊಸ ಸಮುದಾಯಕ್ಕೆ ಒಪ್ಪಿಗೆಯಿತ್ತರು. ಬೀದಿಯ ಮಕ್ಕಳು ಅವರ ಮುಸುಕನ್ನು ಕಂಡು ಕೂಗಿ ಕರೆದ ಅಡ್ಡಹೆಸರೇ 'ಕಪುಚಿನ್' ಎಂದು ನಿಂತಿತೆಂಬುದು ಪ್ರತೀತಿ. ಪ್ಲೇಗಿನ ರೋಗಿಗಳ ಬಳಿ ನಿಂತವರೆಂದು ಜನ ಅವರನ್ನು ನೆನೆದರು. ಮಂಗಳೂರಿನ ಸಮೀಪದ ಫರಂಗಿಪೇಟೆಯಲ್ಲಿ ಈ ಸಭೆಯ ಆಶ್ರಮವಿದೆ.

ಮುಸುಕಿನ ಹೆಸರು ಕಾಫಿಗೆ ಬಂದುದು ಹೇಗೆ? 1683ರಲ್ಲಿ ವಿಯೆನ್ನಾ ನಗರವನ್ನು ಮುತ್ತಿದ್ದ ತುರ್ಕಿ ಸೈನ್ಯ ಸೋತು ಬಿಟ್ಟುಹೋದ ಕಾಫಿ ಮೂಟೆಗಳಿಂದ ಕಪುಚಿನ್ ಗುರು ಮಾರ್ಕೊ ದವಿಯಾನೊ ಈ ಪೇಯವನ್ನು ಕಂಡುಹಿಡಿದರೆಂಬ ಸೊಗಸಾದ ಕಥೆಯುಂಟು. 2003ರಲ್ಲಿ ಜಗದ್ಗುರು ಎರಡನೆಯ ಜಾನ್ ಪಾಲರು ಅವರನ್ನು ಪುನೀತರೆಂದು ಸಾರಿದಾಗ ಆ ಕಥೆಗೆ ಮತ್ತೆ ರೆಕ್ಕೆ ಬಂತು. ಪುನೀತರ ಹಿರಿಮೆಗೆ ಈ ಕಥೆ ಬೇಕಿಲ್ಲ. ಇತಿಹಾಸ ಅದನ್ನು ಒಪ್ಪುವುದೂ ಇಲ್ಲ. ಮುಂದೆ 18ನೆಯ ಶತಮಾನದಲ್ಲಿ ವಿಯೆನ್ನಾದ ಕಾಫಿಮನೆಗಳು ಹಾಲೋ ಕೆನೆಯೋ ಬೆರೆತು ಕಂದು ಬಣ್ಣಕ್ಕೆ ತಿರುಗಿದ ಕಾಫಿಯನ್ನು, ಆ ಸಂನ್ಯಾಸಿಗಳ ಅಂಗಿಯ ಬಣ್ಣದಿಂದ, 'ಕಪುಝಿನರ್' ಎಂದು ಕರೆದವು. ಇಟಲಿಯ 'ಕ್ಯಾಪುಚಿನೋ' ಎಂಬ ಹೆಸರಿಗೂ ಆ ಬಣ್ಣವೇ ಆಧಾರ. ಇಂದಿನ ನೊರೆ 20ನೆಯ ಶತಮಾನದ ಉಗಿಯಂತ್ರಗಳ ಕೊಡುಗೆ.

ಹೀಗೆ ಬಡವನ ಉಡುಪಿನ ಹೆಸರು ಹೊತ್ತ ಲೋಟದ ಬೆಲೆ ಇಂದು ಕೆಲವು ಅಂಗಡಿಗಳಲ್ಲಿ ಕೂಲಿಯವರ ಅರ್ಧ ದಿನದ ದುಡಿಮೆಗೆ ಸಮೀಪ. ಭಾರತದ ಕಾಫಿಯನ್ನು ಹೆಚ್ಚಾಗಿ ಕೊಳ್ಳುವ ದೇಶಗಳಲ್ಲಿ ಇಟಲಿ ಮೊದಲ ಸಾಲಿನಲ್ಲಿದೆ. ಆ ಕಾಫಿಯ ಬಹುಪಾಲು ಬೆಳೆಯುವುದು ನಮ್ಮ ತಾಲ್ಲೂಕಿನ ಗಡಿಗೆ ತಾಗಿದ ಕೊಡಗು ಸೇರಿದಂತೆ ಕರ್ನಾಟಕದ ಬೆಟ್ಟಗಳಲ್ಲಿ. ಅಲ್ಲಿನ ತೋಟಗಳಿಗೆ ನಮ್ಮ ಕಡೆಯಿಂದಲೂ ಜನ ದುಡಿಯಲು ಹೋಗುತ್ತಾರೆ, ಮಳೆ ಬಂದರೆ ತಲೆಗೊಂದು ಕೊಪ್ಪೆ ಹಾಕಿಕೊಂಡು.