ಕ್ಯಾರೊಲಿನ್ ಕ್ವೈನರ್ ಇಂಗಲ್ಸ್

ಕ್ಯಾರೊಲಿನ್ ಲೇಕ್ ಕ್ವೈನರ್ ಇಂಗಲ್ಸ್ (1839–1924): ಅಮೆರಿಕದ ಮಧ್ಯಪಶ್ಚಿಮ ಸೀಮೆಯಲ್ಲಿ ಹೊಸ ನೆಲ ಅರಸಿಕೊಂಡು ಹೋಗಿ ಬೀಡುಬಿಟ್ಟ ಪೀಳಿಗೆಯ ಗೃಹಿಣಿ, ಮದುವೆಗೆ ಮುಂಚೆ ಶಾಲಾ ಶಿಕ್ಷಕಿ, 'ಲಿಟಲ್ ಹೌಸ್' ಪುಸ್ತಕಗಳನ್ನು ಬರೆದ ಲಾರಾ ಇಂಗಲ್ಸ್ ವೈಲ್ಡರಳ ತಾಯಿ. ಆ ಪುಸ್ತಕಗಳ ಓದುಗರಿಗೆ ಈಕೆ 'ಮಾ', ಎಂದರೆ ಅಮ್ಮ. ಎಂದೂ ದನಿ ಏರಿಸದ, ಕೈಗೆ ಬಿಡುವಿಲ್ಲದ, ಏನು ಬಂದರೂ ಮೊದಲು ಒಲೆ ಹೊತ್ತಿಸುವ ಹೆಂಗಸು. ಕ್ಯಾರೊಲಿನ್ ತನ್ನ ಕಥೆಯನ್ನು ತಾನು ಬರೆಯಲಿಲ್ಲ. ಮಗಳು ಬರೆದಳು, ಅದೂ ತಾಯಿ ತೀರಿಕೊಂಡ ಮೇಲೆ, ಮಕ್ಕಳ ಓದಿಗೆಂದು. ಹಾಗಾಗಿ ಕೆಲವು ವರ್ಷಗಳೇ ಪುಸ್ತಕದಿಂದ ಹೊರಗುಳಿದವು. ಈಕೆಯನ್ನು ಅರಿಯಲು ಆ ಬಿಟ್ಟುಹೋದ ವರ್ಷಗಳನ್ನೇ ಮುಖ್ಯವಾಗಿ ನೋಡಬೇಕು.

ತವರು

ಕ್ಯಾರೊಲಿನ್ ಹುಟ್ಟಿದ್ದು 1839ರ ಡಿಸೆಂಬರ್ 12ರಂದು, ಮಿಲ್ವಾಕಿಯ ಪಶ್ಚಿಮಕ್ಕಿರುವ ಬ್ರೂಕ್‌ಫೀಲ್ಡಿನ ಬಳಿ. ವಿಸ್ಕಾನ್ಸಿನ್ ಆಗಿನ್ನೂ ರಾಜ್ಯವಾಗಿರಲಿಲ್ಲ. ತಂದೆ ಹೆನ್ರಿ ಕ್ವೈನರ್ ಕನೆಕ್ಟಿಕಟ್ಟಿನವನು, ತಾಯಿ ಷಾರ್ಲೆಟ್ ಟಕ್ಕರ್ ಮ್ಯಾಸಚೂಸೆಟ್ಸಿನವಳು. ಇಬ್ಬರೂ ಪೂರ್ವ ಕರಾವಳಿಯ ಹಳೆಯ ಊರುಗಳನ್ನು ಬಿಟ್ಟು ಒಹಾಯೊ, ಇಂಡಿಯಾನಾ ದಾಟಿ ಇಲ್ಲಿಗೆ ಬಂದವರು. ಏಳು ಮಕ್ಕಳಲ್ಲಿ ಕ್ಯಾರೊಲಿನ್ ಐದನೆಯವಳು. ಚೊಚ್ಚಲು ಮಗಳು ಮಾರ್ಥಾ ಎಳವೆಯಲ್ಲೇ ಹೋಗಿದ್ದಳು. ಮುಂದೆ ಹುಟ್ಟಿದ ಇನ್ನೊಬ್ಬ ಮಗಳಿಗೆ ಅದೇ ಹೆಸರಿಟ್ಟರು.

1845ರಲ್ಲಿ ಮಿಷಿಗನ್ ಸರೋವರದಲ್ಲಿ ಹಡಗು ಮುಳುಗಿ ತಂದೆ ತೀರಿಕೊಂಡ. ಕ್ಯಾರೊಲಿನ್‌ಗೆ ಇನ್ನೂ ಆರು ತುಂಬಿರಲಿಲ್ಲ. ಅವಳ ಬೆನ್ನಿಗೆ ಹುಟ್ಟಿದ ಎಲೈಜಾ ಮೂರು ವರ್ಷದ ಮಗು, ಕೊನೆಯವನು ಥಾಮಸ್ ಎಳೆಗೂಸು. ಷಾರ್ಲೆಟ್ ಆರು ಮಕ್ಕಳನ್ನು ಕಟ್ಟಿಕೊಂಡು ಬಡತನದಲ್ಲೇ ಕಾಲ ತಳ್ಳಿದಳು. 1848ರ ಹೊತ್ತಿಗೆ ಸಂಸಾರ ಇನ್ನಷ್ಟು ಪಶ್ಚಿಮಕ್ಕೆ, ಜೆಫರ್ಸನ್ ಕೌಂಟಿಯ ಕಾನ್‌ಕಾರ್ಡ್ ಎಂಬ ಹಳ್ಳಿಗೆ ಸರಿಯಿತು. ಮರುವರ್ಷ ಆಕೆ ಫ್ರೆಡರಿಕ್ ಹೋಲ್‌ಬ್ರೂಕ್ ಎಂಬ ರೈತನನ್ನು ಮದುವೆಯಾದಳು. ಈ ಮದುವೆಯಿಂದ ಲಾಟಿ ಎಂಬ ಮಗಳು ಹುಟ್ಟಿದಳು. ಮುಂದೆ ಕ್ಯಾರೊಲಿನ್ ತನ್ನ ಒಬ್ಬನೇ ಮಗನಿಗೆ ಚಾರ್ಲ್ಸ್ ಫ್ರೆಡರಿಕ್ ಎಂದು, ಗಂಡನ ಹೆಸರಿನ ಜೊತೆಗೆ ಈ ಮಲತಂದೆಯ ಹೆಸರನ್ನೂ ಸೇರಿಸಿ ಹೆಸರಿಟ್ಟಳು.

ಓದಿನಲ್ಲಿ ಚುರುಕಾಗಿದ್ದ ಹುಡುಗಿ ಹದಿಹರೆಯದಲ್ಲೇ ಹಳ್ಳಿಶಾಲೆಯ ಶಿಕ್ಷಕಿಯಾದಳು. ಮಕ್ಕಳಿಗೆ ಶಾಲೆ ತಪ್ಪಬಾರದೆಂಬ ಹಟ ಆಕೆಯಲ್ಲಿ ಕೊನೆವರೆಗೂ ಉಳಿಯಿತು.

ಎರಡು ಮನೆತನ, ಮೂರು ಮದುವೆ

ಕಾನ್‌ಕಾರ್ಡಿನಲ್ಲಿ ನದಿಯಾಚೆಯ ನೆರೆಮನೆಯವರು ಇಂಗಲ್ಸ್ ಮನೆತನದವರು. ಎರಡು ಮನೆಗಳ ನಡುವೆ ಮೂರು ವರ್ಷಗಳಲ್ಲಿ ಮೂರು ಮದುವೆಗಳಾದವು. 1859ರಲ್ಲಿ ಕ್ಯಾರೊಲಿನಳ ಅಣ್ಣ ಹೆನ್ರಿಗೂ ಪಾಲಿ ಇಂಗಲ್ಸಳಿಗೂ, 1860ರ ಫೆಬ್ರುವರಿ 1ರಂದು ಕ್ಯಾರೊಲಿನಳಿಗೂ ಚಾರ್ಲ್ಸ್ ಇಂಗಲ್ಸನಿಗೂ, 1861ರಲ್ಲಿ ತಂಗಿ ಎಲೈಜಾಳಿಗೂ ಚಾರ್ಲ್ಸನ ಅಣ್ಣ ಪೀಟರನಿಗೂ. ಹೀಗಾಗಿ ಲಾರಾಳಿಗೆ ಹೆನ್ರಿ ತಾಯಿಯ ಅಣ್ಣನೂ ಹೌದು, ಸೋದರತ್ತೆಯ ಗಂಡನೂ ಹೌದು. ಇಂಗ್ಲಿಷಿನಲ್ಲಿ ಇದನ್ನು ಬಿಡಿಸಿ ಹೇಳಬೇಕು. ಕನ್ನಡದಲ್ಲಿ ಎರಡೂ ಕಡೆಯಿಂದ ಆತ 'ಮಾವ'ನೇ. ಪೀಟರ್ ದೊಡ್ಡಪ್ಪ, ಆತನ ಹೆಂಡತಿ ಚಿಕ್ಕಮ್ಮ.

ಆ ಸಂತೋಷದ ಬೆನ್ನಿಗೇ ಅಂತರ್ಯುದ್ಧ ಬಂತು. ಹಿರಿಯಣ್ಣ ಜೋಸೆಫ್ 1862ರ ಏಪ್ರಿಲ್‌ನಲ್ಲಿ ಟೆನೆಸಿಯ ಶಿಲೋ ಕದನದಲ್ಲಿ ಗಾಯಗೊಂಡು ಮಡಿದ. ಕೊನೆಯ ತಮ್ಮ ಥಾಮಸನ ದಾರಿ ಬೇರೆ: 1874ರಲ್ಲಿ ಚಿನ್ನ ಹುಡುಕಲು ಬ್ಲ್ಯಾಕ್ ಹಿಲ್ಸ್ ಬೆಟ್ಟಗಳಿಗೆ ನುಗ್ಗಿದ ಗಾರ್ಡನ್ ತಂಡದಲ್ಲಿ ಆತನೂ ಒಬ್ಬ.

ದೊಡ್ಡ ಕಾಡಿನ ಮನೆ

1863ರಲ್ಲಿ ಚಾರ್ಲ್ಸ್ ಮತ್ತು ಹೆನ್ರಿ ಕೂಡಿ ವಿಸ್ಕಾನ್ಸಿನ್ನಿನ ಪೆಪಿನ್ ಊರಿನ ಹತ್ತಿರ 160 ಎಕರೆ ಕಾಡುಭೂಮಿ ಕೊಂಡರು. ಇಲ್ಲಿ 1865ರ ಜನವರಿ 10ರಂದು ಮೇರಿ, 1867ರ ಫೆಬ್ರುವರಿ 7ರಂದು ಲಾರಾ ಹುಟ್ಟಿದರು.

ಈ ಮನೆಯ ಅಡುಗೆಮನೆಯನ್ನು ಲಾರಾ ಎಷ್ಟು ಹತ್ತಿರದಿಂದ ತೋರಿಸಿದ್ದಾಳೆಂದರೆ, ಬೆಣ್ಣೆ ಕಡೆಯುವುದನ್ನು ಓದುವಾಗ ನಮ್ಮ ಮೂಗಿಗೇ ಮಜ್ಜಿಗೆಯ ವಾಸನೆ ಬರುತ್ತದೆ. ಚಳಿಗಾಲದಲ್ಲಿ ಹಸುವಿನ ಕೆನೆ ಬಿಳಿಚಿಕೊಂಡಿರುತ್ತದೆ. ಬೆಣ್ಣೆ ಹಳದಿಯಾಗಿ ಕಾಣಬೇಕು. ಕ್ಯಾರೊಲಿನ್ ಗಜ್ಜರಿ ತುರಿದು ಹಾಲಿನಲ್ಲಿ ಬಿಸಿಮಾಡಿ, ಬಟ್ಟೆಯಲ್ಲಿ ಹಿಂಡಿ, ಆ ಬಣ್ಣದ ಹಾಲನ್ನು ಕೆನೆಗೆ ಬೆರೆಸುತ್ತಾಳೆ. ಹಿಂಡಿ ಉಳಿದ ಗಜ್ಜರಿ ಮೇರಿ, ಲಾರಾರ ಪಾಲು. ಎತ್ತರದ ಮಣ್ಣಿನ ಜಾಡಿಯಲ್ಲಿ ಕಡಗೋಲನ್ನು ಮೇಲೆ ಕೆಳಗೆ ಆಡಿಸಿ ತೆಗೆದ ಬೆಣ್ಣೆಯನ್ನು ತೊಳೆದು ಉಪ್ಪು ಹಾಕಿ, ಒಂದು ಸ್ಟ್ರಾಬೆರಿ ಹಣ್ಣು, ಎರಡು ಎಲೆ ಕೆತ್ತಿದ ಅಚ್ಚಿನಲ್ಲಿ ಒತ್ತುತ್ತಾಳೆ. ಕಾಡಿನ ನಡುವೆ, ನೋಡುವವರು ಯಾರೂ ಇಲ್ಲದ ಕಡೆ, ಬೆಣ್ಣೆಗೂ ಅಂದ ಬೇಕು ಎಂದುಕೊಂಡವಳು. ಈ ಹೆಂಗಸಿನ ಗುಣ ಹೇಳಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಕಾನ್ಸಾಸ್: ಬೇರೆಯವರ ನೆಲ

ಚಾರ್ಲ್ಸನ ಕಾಲು ಒಂದು ಕಡೆ ನಿಲ್ಲುವಂಥದ್ದಲ್ಲ. 1868ರಲ್ಲಿ ಪೆಪಿನ್ನಿನ ಜಮೀನು ಮಾರಿ ಮಿಸೌರಿಗೆ, ಅಲ್ಲಿಂದ ಮುಚ್ಚುಗಾಡಿಯಲ್ಲಿ ಕಾನ್ಸಾಸಿನ ಮಾಂಟ್‌ಗೊಮರಿ ಕೌಂಟಿಗೆ ಹೊರಟ. ಅಲ್ಲಿ ಹುಲ್ಲುಗಾವಲಿನ ನಡುವೆ ಮರದ ದಿಮ್ಮಿಯ ಮನೆ ಎದ್ದಿತು. 1870ರ ಆಗಸ್ಟ್ 3ರಂದು ಮೂರನೆಯ ಮಗಳು ಕ್ಯಾರಿ ಹುಟ್ಟಿದ್ದು ಆ ಮನೆಯಲ್ಲೇ. ಮನೆಮಂದಿಯೆಲ್ಲ ಮಲೇರಿಯಾ ಜ್ವರದಲ್ಲಿ ಮಲಗಿದಾಗ ಮದ್ದು ಕೊಟ್ಟು ಉಳಿಸಿದ ಕಪ್ಪುವರ್ಣೀಯ ವೈದ್ಯ ಕಾದಂಬರಿಯಲ್ಲಿ ಬರುತ್ತಾನೆ. ಆತ ನಿಜವಾದ ವ್ಯಕ್ತಿ, ಹೆಸರು ಜಾರ್ಜ್ ಟ್ಯಾನ್.

ಇಲ್ಲಿ ಒಂದು ಮಾತನ್ನು ನೇರವಾಗಿ ಹೇಳಬೇಕು. ಆ ನೆಲ ಒಸೇಜ್ ಮೂಲನಿವಾಸಿಗಳದ್ದು. ಅಲ್ಲಿ ಮನೆ ಕಟ್ಟಲು ಇಂಗಲ್ಸ್ ಕುಟುಂಬಕ್ಕಾಗಲಿ, ಸುತ್ತ ನೆಲೆಸಿದ ಇತರ ಬಿಳಿಯರಿಗಾಗಲಿ ಹಕ್ಕಿರಲಿಲ್ಲ. ಹೀಗೆ ಒಳನುಗ್ಗಿದವರ ಒತ್ತಡದಿಂದಲೇ ಒಸೇಜರು 1870ರ ಕಾಯಿದೆಯ ಪ್ರಕಾರ ಕಾನ್ಸಾಸಿನ ತಮ್ಮ ಉಳಿದ ನೆಲ ಮಾರಿ ಈಗಿನ ಒಕ್ಲಹೋಮಾಕ್ಕೆ ಹೋಗಬೇಕಾಯಿತು. ಕಾದಂಬರಿಯ ಮಾ ಮೂಲನಿವಾಸಿಗಳನ್ನು ಕಂಡರೆ ಹೆದರುತ್ತಾಳೆ, ಅವರನ್ನು ಇಷ್ಟಪಡುವುದಿಲ್ಲವೆಂದು ಬಾಯಿಬಿಟ್ಟೇ ಹೇಳುತ್ತಾಳೆ. ಹಸಿದ ಮನೆಯಲ್ಲಿ ಒಂಟಿಯಾಗಿ ಮಕ್ಕಳನ್ನು ಕಾಯುತ್ತಿದ್ದವಳ ಭಯ ಅರ್ಥವಾಗುವಂಥದ್ದೇ; ನೆಲ ಕಳೆದುಕೊಂಡವರ ನೋವನ್ನು ಅದು ಚಿಕ್ಕದು ಮಾಡುವುದಿಲ್ಲ. ಅಮೆರಿಕದ ಗ್ರಂಥಾಲಯ ಸಂಘ ಮಕ್ಕಳ ಸಾಹಿತ್ಯಕ್ಕೆ ಲಾರಾಳ ಹೆಸರಿನಲ್ಲಿ ಕೊಡುತ್ತಿದ್ದ ಪ್ರಶಸ್ತಿಯ ಹೆಸರನ್ನು 2018ರಲ್ಲಿ ಬದಲಿಸಿದ್ದು ಇಂಥ ಚಿತ್ರಣದ ಕಾರಣಕ್ಕೇ. ಅದು ಸರಿಯಾದ ತೀರ್ಮಾನ ಎಂಬುದು ಈ ಲೇಖಕನ ಅಭಿಪ್ರಾಯ.

1871ರಲ್ಲಿ ಕುಟುಂಬ ಪೆಪಿನ್ನಿಗೆ ಮರಳಿತು. ಜಮೀನು ಕೊಂಡಿದ್ದವನು ಹಣ ಪೂರ್ತಿ ಕಟ್ಟಲಾಗದೆ ಕೈಬಿಟ್ಟಿದ್ದ.

ಮಿಡತೆ, ಸಾಲ, ಮಗನ ಸಾವು

1874ರಲ್ಲಿ ಮತ್ತೆ ಗಾಡಿ ಕಟ್ಟಿದರು, ಈ ಸಲ ಮಿನ್ನೆಸೋಟದ ವಾಲ್‌ನಟ್ ಗ್ರೋವ್ ಕಡೆಗೆ. ಮೊದಲ ಬಿಡಾರ ಪ್ಲಮ್ ಹೊಳೆಯ ದಂಡೆಯನ್ನು ಕೊರೆದು, ಹುಲ್ಲುಮಣ್ಣು ಹೊದಿಸಿದ ಒಂದು ಗುಹೆಮನೆ. ಊರಿನ ಕಾಂಗ್ರಿಗೇಷನಲ್ ಚರ್ಚ್ ಕಟ್ಟಿದ ಮೊದಲ ಸದಸ್ಯರಲ್ಲಿ ಗಂಡಹೆಂಡಿರಿಬ್ಬರೂ ಇದ್ದರು. ಗೋಧಿ ಬೆಳೆ ಹುಲುಸಾಗಿ ಬಂದಿತ್ತು. ಬರಲಿರುವ ಫಸಲನ್ನು ನಂಬಿ ಚಾರ್ಲ್ಸ್ ಸಾಲ ಮಾಡಿ ಹಲಗೆಮನೆ ಕಟ್ಟಿದ. ಆಗ ರಾಕಿ ಪರ್ವತದ ಮಿಡತೆ ಮೋಡವಾಗಿ ಇಳಿಯಿತು. ಬೆಳೆ, ಹುಲ್ಲು, ಗಿಡದ ತೊಗಟೆ ಏನನ್ನೂ ಬಿಡಲಿಲ್ಲ. ಮಣ್ಣಿನಲ್ಲಿಟ್ಟ ಮೊಟ್ಟೆಯೊಡೆದು ಮರುವರ್ಷವೂ ಅದೇ ಪಾಡು. (ಕೋಟಿಗಟ್ಟಲೆ ಇದ್ದ ಆ ಜಾತಿಯ ಮಿಡತೆ 1902ರ ಬಳಿಕ ಎಲ್ಲೂ ಜೀವಂತ ಸಿಕ್ಕಿಲ್ಲ, ಬುಡಸಹಿತ ಅಳಿದುಹೋಯಿತು.)

ಚಾರ್ಲ್ಸ್ ಕೂಲಿಗಾಗಿ ಕಾಲ್ನಡಿಗೆಯಲ್ಲಿ ಪೂರ್ವಕ್ಕೆ ಹೋದಾಗ ಮನೆ, ದನ, ಮೂರು ಹೆಣ್ಣುಮಕ್ಕಳು ಎಲ್ಲವೂ ಕ್ಯಾರೊಲಿನಳ ಮೇಲೆ ಬಿದ್ದವು. 1875ರ ನವೆಂಬರ್ 1ರಂದು ಮಗ ಫ್ರೆಡ್ಡಿ ಹುಟ್ಟಿದ. ಅದೇ ತಿಂಗಳ ಕೊನೆಯಲ್ಲಿ ಸರ್ಕಾರದ ಪರಿಹಾರದ ಹಿಟ್ಟಿಗಾಗಿ ಚಾರ್ಲ್ಸ್ ತನ್ನ ಬಳಿ ಏನೂ ಉಳಿದಿಲ್ಲವೆಂದು ಬರೆದುಕೊಟ್ಟು ಸಹಿ ಹಾಕಿ, ಎರಡು ಅರ್ಧ ಪೀಪಾಯಿ ಹಿಟ್ಟು ತಂದ. ಬಾಣಂತಿಯಿದ್ದ ಮನೆ ಅದು. ಯಾರ ಹಂಗೂ ಇಲ್ಲದೆ ಬದುಕಿದ ಕುಟುಂಬವೆಂದು ಕಾದಂಬರಿ ಹೇಳುತ್ತದೆ. ಆ ಸಹಿ ಅದರಲ್ಲಿಲ್ಲ.

1876ರಲ್ಲಿ ಅವರು ಸೋಲೊಪ್ಪಿ ಹಿಂದಕ್ಕೆ ಹೊರಟರು. ದಾರಿಯಲ್ಲಿ ಪೀಟರ್ ಮತ್ತು ಎಲೈಜಾರ ಮನೆಯಲ್ಲಿ ತಂಗಿದ್ದಾಗ, ಆಗಸ್ಟ್ 27ರಂದು, ಫ್ರೆಡ್ಡಿ ತೀರಿಕೊಂಡ. ಒಂಬತ್ತು ತಿಂಗಳ ಕೂಸು. ಕ್ಯಾರೊಲಿನ್ ಆ ಮಣ್ಣನ್ನು ಅಲ್ಲೇ ಬಿಟ್ಟು ಗಾಡಿ ಹತ್ತಬೇಕಾಯಿತು. ಮಗುವಿನ ಹುಟ್ಟಾಗಲಿ ಸಾವಾಗಲಿ 'ಲಿಟಲ್ ಹೌಸ್' ಪುಸ್ತಕಗಳಲ್ಲಿ ಇಲ್ಲ.

ಅಯೋವಾದ ಬರ್ ಓಕ್ ಊರಿನಲ್ಲಿ ಅವರು ಮಾಸ್ಟರ್ಸ್ ಹೋಟೆಲಿನ ಕೆಲಸಕ್ಕೆ ನಿಂತರು. ಪಕ್ಕದಲ್ಲೇ ಹೆಂಡದಂಗಡಿ. ಕ್ಯಾರೊಲಿನ್ ಪರರಿಗೆ ಬೇಯಿಸಿ ಬಡಿಸಿದಳು. 1877ರ ಮೇ 23ರಂದು ಕೊನೆಯ ಮಗಳು ಗ್ರೇಸ್ ಹುಟ್ಟಿದಳು. ಲಾರಾಳ ನೆನಪಿನ ಪ್ರಕಾರ, ಅಲ್ಲಿನ ವೈದ್ಯನ ಹೆಂಡತಿ ಮನೆಗೆ ಬಂದು, ಲಾರಾಳನ್ನು ತನಗೆ ಕೊಟ್ಟುಬಿಡಿ, ಮಗಳಂತೆ ಸಾಕುತ್ತೇನೆ ಎಂದು ಕೇಳಿದಳು. ಕ್ಯಾರೊಲಿನ್ ನಯವಾಗಿಯೇ ಆಗದು ಎಂದಳು. ವರ್ಷದ ಹಿಂದೆ ಒಂದು ಮಗುವನ್ನು ಮಣ್ಣಿಗಿಟ್ಟವಳು ಇನ್ನೊಂದನ್ನು ಹೇಗೆ ಕೊಟ್ಟಾಳು? ಬಾಡಿಗೆ ಬಾಕಿಯ ತಗಾದೆ ಬಂದಾಗ ಕುಟುಂಬ ರಾತ್ರೋರಾತ್ರಿ ಊರು ಬಿಟ್ಟಿತು. ಬರ್ ಓಕಿನ ಕಥೆ ಲಾರಾ 1930ರ ಸುಮಾರಿಗೆ ಬರೆದ 'ಪಯೊನಿಯರ್ ಗರ್ಲ್' ಹಸ್ತಪ್ರತಿಯಲ್ಲಷ್ಟೇ ಉಳಿಯಿತು. ಅದು ಟಿಪ್ಪಣಿಗಳೊಂದಿಗೆ ಅಚ್ಚಾದದ್ದು 2014ರಲ್ಲಿ.

ವಾಲ್‌ನಟ್ ಗ್ರೋವಿಗೆ ಮರಳಿದ ಮೇಲೆ, 1879ರಲ್ಲಿ, ಮೇರಿಯ ಕಣ್ಣು ಹೋದವು. ಕಾದಂಬರಿ ಇದನ್ನು ಕೆಂಪುಜ್ವರದ ತಲೆಗೆ ಕಟ್ಟುತ್ತದೆ. ವೈರಸ್ಸಿನಿಂದ ಮಿದುಳು ಮತ್ತು ಅದರ ಪೊರೆ ಊದಿಕೊಂಡದ್ದೇ ಕಾರಣವಿರಬೇಕೆಂದು 2013ರ ವೈದ್ಯಕೀಯ ಲೇಖನವೊಂದು ವಾದಿಸಿತು.

ಡಿ ಸ್ಮೆಟ್: ಗಾಡಿ ನಿಂತ ಜಾಗ

ಅದೇ ವರ್ಷ ರೈಲುಮಾರ್ಗದ ಕೆಲಸ ಸಿಕ್ಕಿ ಚಾರ್ಲ್ಸ್ ಡಕೋಟಾ ಪ್ರಾಂತ್ಯಕ್ಕೆ ಹೋದ. ಹೊಸದಾಗಿ ಏಳುತ್ತಿದ್ದ ಡಿ ಸ್ಮೆಟ್ ಊರಿನ ಮೊದಲ ನಿವಾಸಿಗಳಲ್ಲಿ ಇಂಗಲ್ಸ್ ಕುಟುಂಬ ಸೇರಿತು. ಆತನಿಗೆ ಇನ್ನೂ ಪಶ್ಚಿಮದ ಆಸೆ. ಆಕೆ ಒಪ್ಪಲಿಲ್ಲ. ಮಕ್ಕಳಿಗೆ ಶಾಲೆ ಬೇಕು, ಇನ್ನು ನಾವು ಇಲ್ಲಿಂದ ಅಲುಗುವುದಿಲ್ಲ ಎಂಬ ಆಕೆಯ ನಿಲುವಿನಿಂದಲೇ ಅಲೆದಾಟ ಕೊನೆಗೊಂಡಿತೆಂದು ಲಾರಾಳ ಪುಸ್ತಕಗಳಿಂದ ತಿಳಿಯುತ್ತದೆ.

1880ರ ಅಕ್ಟೋಬರಿನಲ್ಲೇ ಹಿಮಬಿರುಗಾಳಿ ಶುರುವಾಯಿತು. ನಡುಚಳಿಗಾಲದಲ್ಲಿ ನಿಂತ ರೈಲು ಮತ್ತೆ ಬಂದದ್ದು ಬೇಸಿಗೆಯ ಹೊಸ್ತಿಲಲ್ಲಿ. ಕಲ್ಲಿದ್ದಲು, ಹಿಟ್ಟು, ಸೀಮೆಎಣ್ಣೆ ಎಲ್ಲ ಮುಗಿದವು. ಬಿತ್ತನೆಯ ಗೋಧಿಯನ್ನು ಸಣ್ಣ ಕಾಫಿ ಬೀಸುವ ಗಿರಣಿಯಲ್ಲಿ ಹಿಡಿ ಹಿಡಿಯಾಗಿ ಹಾಕಿ, ಮನೆಯವರೆಲ್ಲ ಸರದಿಯಲ್ಲಿ ದಿನವಿಡೀ ತಿರುಗಿಸಿದರೆ ಅಂದಿನ ರೊಟ್ಟಿಗೆ ಹಿಟ್ಟು. ಒಣಹುಲ್ಲನ್ನು ಕೈ ಸೀಳುವಂತೆ ಹೊಸೆದು ಕೊರಡು ಮಾಡಿ ಒಲೆಗೆ ಹಾಕುತ್ತಿದ್ದರು. ದೀಪಕ್ಕೆ ಕ್ಯಾರೊಲಿನ್ ಕಂಡುಕೊಂಡ ಉಪಾಯ ಇದು: ಒಂದು ಗುಂಡಿಯನ್ನು ಬಟ್ಟೆಚೂರಿನಲ್ಲಿಟ್ಟು ಕಟ್ಟಿ, ತುದಿಯನ್ನು ಬತ್ತಿಯಂತೆ ಹೊಸೆದು, ಬಟ್ಟಲಿನಲ್ಲಿ ಗಾಡಿಯ ಕೀಲೆಣ್ಣೆ ಸವರಿ ಅದರಲ್ಲಿ ನಿಲ್ಲಿಸಿ ಹಚ್ಚಿದಳು. ಆ ಚಳಿಗಾಲ ಮಾಸ್ಟರ್ಸ್ ಎಂಬ ಯುವದಂಪತಿ ಅವರ ಮನೆಯಲ್ಲೇ ಉಳಿದಿದ್ದರು. ಆ ಹೆಣ್ಣುಮಗಳ ಹೆರಿಗೆಯೂ ಅಲ್ಲೇ ಆಯಿತು. ಕಾದಂಬರಿ ಈ ಮೂವರನ್ನೂ ಬಿಟ್ಟಿದೆ. ಅಳೆದು ಹಂಚುವ ಆ ರೊಟ್ಟಿಯಲ್ಲಿ ಇನ್ನೂ ಎರಡು ಪಾಲು ಆಗಬೇಕಿತ್ತು ಎಂಬುದನ್ನು ಓದುಗರು ನೆನಪಿಡಬೇಕು.

1881ರಲ್ಲಿ ಮೇರಿಯನ್ನು ಅಯೋವಾದ ವಿಂಟನ್ನಿನ ಅಂಧರ ಕಾಲೇಜಿಗೆ ಸೇರಿಸಿದರು. ಬೋಧನೆಯ ವೆಚ್ಚ ಡಕೋಟಾ ಪ್ರಾಂತ್ಯದ್ದು. ಬಟ್ಟೆಬರೆ, ಪ್ರಯಾಣ ಮನೆಯದ್ದು. ಲಾರಾ ಹದಿಹರೆಯದಲ್ಲೇ ಪಾಠ ಹೇಳಲು ಹೋಗಿ ಆ ಖರ್ಚಿಗೆ ನೆರವಾದಳು. ಮೇರಿ 1889ರಲ್ಲಿ ಓದು ಮುಗಿಸಿ ಬಂದಳು. ಅಷ್ಟರಲ್ಲಿ ಚಾರ್ಲ್ಸ್ ಊರಿನ ಮೂರನೆಯ ಬೀದಿಯಲ್ಲಿ 1887ರಲ್ಲಿ ಮನೆ ಕಟ್ಟಿದ್ದ. ಕ್ಯಾರೊಲಿನಳ ಕೊನೆಯ ಮನೆ ಅದು.

ಕೊನೆಯ ವರ್ಷಗಳು ಮತ್ತು ಸಂತತಿ

1902ರ ಜೂನ್ 8ರಂದು ಚಾರ್ಲ್ಸ್ ತೀರಿಕೊಂಡ. ಮಿಸೌರಿಯಲ್ಲಿ ನೆಲೆಸಿದ್ದ ಲಾರಾ ಬಂದಳು. ತಾಯಿ ಮಗಳು ಮುಖ ನೋಡಿದ್ದು ಅದೇ ಕೊನೆ. ಆಮೇಲೆ ಇಪ್ಪತ್ತೆರಡು ವರ್ಷ ಕ್ಯಾರೊಲಿನ್ ಮೇರಿಯೊಂದಿಗೆ ಅದೇ ಮನೆಯಲ್ಲಿ ಬಾಳಿ, 1924ರ ಏಪ್ರಿಲ್ 20ರಂದು, 84ನೆಯ ವಯಸ್ಸಿನಲ್ಲಿ ತೀರಿಕೊಂಡಳು. ಸಮಾಧಿ ಡಿ ಸ್ಮೆಟ್ಟಿನಲ್ಲಿದೆ. ಮರುವರ್ಷ ಲಾರಾ ತನ್ನ ದೊಡ್ಡಮ್ಮ ಮಾರ್ಥಾಗೆ ಕಾಗದ ಬರೆದು ತಾಯಿಯ ಬಾಲ್ಯದ ಕಥೆಗಳನ್ನು ಕೇಳಿದಳು. ಮಾರ್ಥಾ ನೆನಪಿದ್ದಷ್ಟನ್ನು ಬರೆದು ಕಳಿಸಿದಳು. ಕ್ವೈನರ್ ಮನೆಯ ಹಳೆಯ ಬದುಕಿನ ಬಗ್ಗೆ ನಮಗೆ ತಿಳಿದಿರುವ ಬಹಳಷ್ಟು ಬಂದದ್ದು ಆ ಪತ್ರವ್ಯವಹಾರದಿಂದ.

ಮೊದಲ ಪುಸ್ತಕ 'ಲಿಟಲ್ ಹೌಸ್ ಇನ್ ದ ಬಿಗ್ ವುಡ್ಸ್' 1932ರಲ್ಲಿ ಹೊರಬಂತು. 1974ರಿಂದ ಪ್ರಸಾರವಾದ ದೂರದರ್ಶನ ಧಾರಾವಾಹಿಯಲ್ಲಿ ಕ್ಯಾರೊಲಿನಳ ಪಾತ್ರವನ್ನು ಕರೆನ್ ಗ್ರಾಸ್ಲಿ ವಹಿಸಿದಳು.

ಮೇರಿ ಮದುವೆಯಾಗಲಿಲ್ಲ, 1928ರಲ್ಲಿ ತೀರಿಕೊಂಡಳು. ಗ್ರೇಸ್ 1941ರಲ್ಲಿ, ಕ್ಯಾರಿ 1946ರಲ್ಲಿ, ಲಾರಾ 1957ರಲ್ಲಿ ಹೋದರು. ಗ್ರೇಸಳಿಗೂ ಕ್ಯಾರಿಗೂ ಹೆತ್ತ ಮಕ್ಕಳಿರಲಿಲ್ಲ. ಲಾರಾಳ ಗಂಡುಮಗು 1889ರಲ್ಲಿ ಹುಟ್ಟಿದ ತಿಂಗಳೊಳಗೇ ತೀರಿಕೊಂಡಿತ್ತು. ಉಳಿದವಳು ಮಗಳು ರೋಸ್ ವೈಲ್ಡರ್ ಲೇನ್ ಒಬ್ಬಳೇ. ಆಕೆ 1968ರಲ್ಲಿ ಮಕ್ಕಳಿಲ್ಲದೆ ತೀರಿಕೊಂಡಾಗ ಕ್ಯಾರೊಲಿನಳ ನೇರ ಸಂತತಿ ಮುಗಿಯಿತು. ಮೂರನೆಯ ಬೀದಿಯ ಮನೆಯನ್ನು ಡಿ ಸ್ಮೆಟ್ಟಿನ ಸ್ಮಾರಕ ಸಂಘ ಕಾಪಾಡಿಕೊಂಡು ಬಂದಿದೆ.