ಜೈವಿಕ ಔಷಧ ಚಿಕಿತ್ಸೆ (ಉರಿಯೂತದ ಕಾಯಿಲೆಗಳು)

ಜೈವಿಕ ಔಷಧ ಚಿಕಿತ್ಸೆ ಎಂದರೆ ಜೀವಕೋಶಗಳ ನೆರವಿನಿಂದ ತಯಾರಿಸಿದ ಪ್ರೋಟೀನ್‌ಗಳನ್ನು ಔಷಧವಾಗಿ ಬಳಸುವ ವಿಧಾನ. ರುಮಟಾಯ್ಡ್ ಸಂಧಿವಾತ, ಸೋರಿಯಾಸಿಸ್, ಕ್ರೋನ್ಸ್ ಕಾಯಿಲೆ ಮೊದಲಾದ ದೀರ್ಘಕಾಲಿಕ ಉರಿಯೂತದ ರೋಗಗಳು ಹಳೆಯ ಔಷಧಗಳಿಗೆ ಬಗ್ಗದಿದ್ದಾಗ ಸಾಮಾನ್ಯವಾಗಿ ಇದನ್ನು ಬಳಸಲಾಗುತ್ತದೆ. ಈ ಔಷಧಗಳು ರೋಗವನ್ನು ಹತೋಟಿಯಲ್ಲಿಡುತ್ತವೆ, ಸಂಪೂರ್ಣವಾಗಿ ನಿವಾರಿಸುವುದಿಲ್ಲ.

ರೋಗದ ಸ್ವರೂಪ

ಗಾಯ ಅಥವಾ ಸೋಂಕು ಉಂಟಾದಾಗ ಕಾಣುವ ಊತ, ಬಿಸಿ, ಕೆಂಪು ಮತ್ತು ನೋವು ದೇಹದ ರಕ್ಷಣಾಕ್ರಮದ ಭಾಗ. ದೀರ್ಘಕಾಲಿಕ ಉರಿಯೂತದಲ್ಲಿ ರೋಗನಿರೋಧಕ ವ್ಯವಸ್ಥೆಯು ದೇಹದ ಅಂಗಾಂಶಗಳನ್ನೇ ಘಾಸಿಗೊಳಿಸುತ್ತದೆ. ರುಮಟಾಯ್ಡ್ ಸಂಧಿವಾತಕ್ಕೆ ಸಕಾಲದಲ್ಲಿ ಚಿಕಿತ್ಸೆ ದೊರೆಯದಿದ್ದರೆ ಕೀಲುಗಳ ಮೃದ್ವಸ್ಥಿ ಮತ್ತು ಮೂಳೆ ಸವೆದು ಬೆರಳುಗಳು ಸೊಟ್ಟಗಾಗಬಹುದು. ಕಳೆ ತೆಗೆಯುವ, ಹತ್ತಿ ಬಿಡಿಸುವ ಕೈಗಳಿಗೆ ಇದು ದುಡಿಮೆಯ ನಷ್ಟವೇ ಸರಿ.

ಹಳೆಯ ಔಷಧಗಳು

ನೋವು ನಿವಾರಕ ಮಾತ್ರೆಗಳು ನೋವನ್ನು ತಗ್ಗಿಸುತ್ತವೆಯೇ ಹೊರತು ಕೀಲಿನ ಸವೆತವನ್ನು ತಡೆಯುವುದಿಲ್ಲ. ಸ್ಟೀರಾಯ್ಡ್‌ಗಳಿಂದ ಬೇಗನೆ ಉಪಶಮನ ದೊರೆಯುತ್ತದೆ. ಆದರೆ ದೀರ್ಘಕಾಲ ಸೇವಿಸಿದರೆ ಮೂಳೆ ದುರ್ಬಲವಾಗುವ, ರಕ್ತದಲ್ಲಿ ಸಕ್ಕರೆ ಏರುವ ಅಪಾಯವಿದೆ. ಸಂಧಿವಾತ ಚಿಕಿತ್ಸೆಯ ಬುನಾದಿ ಇಂದಿಗೂ ಮೆಥೊಟ್ರೆಕ್ಸೇಟ್. ಇದರ ಪರಿಣಾಮ ಕಾಣಲು ಹಲವು ವಾರಗಳು ಬೇಕು. ಈ ರೋಗಕ್ಕೆ ಇದನ್ನು ವಾರಕ್ಕೊಮ್ಮೆ ಮಾತ್ರ ಸೇವಿಸಬೇಕು. ತಪ್ಪಿ ದಿನವೂ ಸೇವಿಸಿದರೆ ಪ್ರಾಣಾಪಾಯ ಸಂಭವಿಸಬಹುದು. ಗರ್ಭಿಣಿಯರು ಇದನ್ನು ಸೇವಿಸುವಂತಿಲ್ಲ.

ಹೊಸ ಔಷಧಗಳ ಬೆಳವಣಿಗೆ

1975ರಲ್ಲಿ ಜಾರ್ಜ್ ಕೋಲರ್ ಮತ್ತು ಸೀಸರ್ ಮಿಲ್‌ಸ್ಟೀನ್ ಒಂದೇ ಬಗೆಯ ಪ್ರತಿಕಾಯಗಳನ್ನು ತಯಾರಿಸುವ ವಿಧಾನವನ್ನು ಪ್ರಕಟಿಸಿದರು. ಉರಿಯೂತವನ್ನು ಪ್ರಚೋದಿಸುವ ಟಿ.ಎನ್.ಎಫ್. ಎಂಬ ಪ್ರೋಟೀನನ್ನು ಇಂತಹ ಪ್ರತಿಕಾಯದಿಂದ ತಡೆದರೆ ಸಂಧಿವಾತ ಶಮನವಾಗುತ್ತದೆಂಬುದನ್ನು ಲಂಡನ್ನಿನಲ್ಲಿ ಮಾರ್ಕ್ ಫೆಲ್ಡ್‌ಮನ್ ಮತ್ತು ರವೀಂದರ್ ಮೈನಿ 1990ರ ದಶಕದಲ್ಲಿ ತೋರಿಸಿದರು. 1998ರಲ್ಲಿ ಇನ್‌ಫ್ಲಿಕ್ಸಿಮ್ಯಾಬ್ ಮತ್ತು ಎಟನರ್ಸೆಪ್ಟ್ ಔಷಧಗಳಿಗೆ ಅಮೆರಿಕದಲ್ಲಿ ಅನುಮತಿ ದೊರೆಯಿತು.

2012ರಲ್ಲಿ ಅಲ್ಲಿ ಅನುಮತಿ ಪಡೆದ ಟೊಫಾಸಿಟಿನಿಬ್ ಜೈವಿಕ ಔಷಧವಲ್ಲ. ಜೀವಕೋಶದೊಳಗಿನ ಜ್ಯಾಕ್ ಕಿಣ್ವಗಳನ್ನು ತಡೆಯುವ ರಾಸಾಯನಿಕ ಮಾತ್ರೆ. ಹೃದಯಾಘಾತ, ರಕ್ತ ಹೆಪ್ಪುಗಟ್ಟುವಿಕೆ ಮತ್ತು ಕ್ಯಾನ್ಸರ್ ಅಪಾಯದ ಕುರಿತು ಅಮೆರಿಕದ ಔಷಧ ನಿಯಂತ್ರಕರು 2021ರಲ್ಲಿ ಈ ವರ್ಗದ ಔಷಧಗಳ ಎಚ್ಚರಿಕೆಯನ್ನು ಬಿಗಿಗೊಳಿಸಿದರು.

ಕರ್ನಾಟಕದ ಕೊಡುಗೆ

ಬೆಂಗಳೂರಿನ ಬಯೋಕಾನ್ ಸಂಸ್ಥೆಯು ಕ್ಯೂಬಾದ ಹವಾನಾ ನಗರದ ಆಣ್ವಿಕ ಪ್ರತಿರಕ್ಷಾ ಕೇಂದ್ರದ ಸಹಯೋಗದಲ್ಲಿ ಇಟೋಲಿಜುಮ್ಯಾಬ್ ಎಂಬ ಪ್ರತಿಕಾಯವನ್ನು ಅಭಿವೃದ್ಧಿಪಡಿಸಿತು. ಇದು ಟಿ ಕೋಶಗಳ ಮೇಲಿರುವ ಸಿಡಿ6 ಎಂಬ ಗ್ರಾಹಕಕ್ಕೆ ಅಂಟಿಕೊಂಡು ಆ ಕೋಶಗಳ ಅತಿಚಟುವಟಿಕೆಯನ್ನು ತಗ್ಗಿಸುತ್ತದೆ. 2013ರಲ್ಲಿ ಸೋರಿಯಾಸಿಸ್ ಚಿಕಿತ್ಸೆಗಾಗಿ ಭಾರತದ ಮಾರುಕಟ್ಟೆಗೆ ಬಂದಿತು.

ಮೂಲ ಔಷಧವನ್ನು ಹೋಲುವ ಜೈವಿಕ ಔಷಧಗಳಿಗೆ ಭಾರತ ಸರ್ಕಾರವು 2012ರಲ್ಲಿ ಮಾರ್ಗಸೂಚಿ ಹೊರಡಿಸಿತು. 2014ರಲ್ಲಿ ಅಡಲಿಮುಮ್ಯಾಬ್‌ನ ಇಂತಹ ರೂಪವು ದೇಶದಲ್ಲಿ ಬಿಡುಗಡೆಯಾಯಿತು. ಇವುಗಳಿಂದ ವೆಚ್ಚ ತಗ್ಗಿದರೂ ಸಾಮಾನ್ಯ ಕುಟುಂಬಕ್ಕೆ ಅದು ಇಂದಿಗೂ ಹೊರೆಯೇ.

ಮುನ್ನೆಚ್ಚರಿಕೆಗಳು

ಟಿ.ಎನ್.ಎಫ್. ತಡೆಯುವ ಔಷಧಗಳು ದೇಹದಲ್ಲಿ ಸುಪ್ತವಾಗಿರುವ ಕ್ಷಯರೋಗವನ್ನು ಕೆರಳಿಸಬಲ್ಲವು. ಕ್ಷಯ ವ್ಯಾಪಕವಾಗಿರುವ ಭಾರತದಲ್ಲಿ ಇದು ಮುಖ್ಯ ಅಪಾಯ. ಆದ್ದರಿಂದ ಚಿಕಿತ್ಸೆಗೆ ಮುನ್ನ ಎದೆಯ ಎಕ್ಸ್-ರೇ, ಚರ್ಮದ ಅಥವಾ ರಕ್ತದ ಕ್ಷಯ ಪರೀಕ್ಷೆ ಮತ್ತು ಹೆಪಟೈಟಿಸ್ ಬಿ ಪರೀಕ್ಷೆ ಮಾಡಿಸಲಾಗುತ್ತದೆ. ಸುಪ್ತ ಕ್ಷಯ ಕಂಡುಬಂದರೆ ಮೊದಲು ಅದರ ತಡೆ ಚಿಕಿತ್ಸೆ ಆರಂಭಿಸಬೇಕು. ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಕ್ಷಯದ ಪತ್ತೆ ಮತ್ತು ಚಿಕಿತ್ಸೆ ಉಚಿತ. ಚಿಕಿತ್ಸೆಯ ಅವಧಿಯಲ್ಲಿ ಜ್ವರ, ಬಿಡದ ಕೆಮ್ಮು ಅಥವಾ ತೂಕ ಇಳಿಕೆ ಕಂಡರೆ ತಡಮಾಡದೆ ವೈದ್ಯರನ್ನು ಕಾಣಬೇಕು.

ಗ್ರಾಮೀಣ ಧಾರವಾಡದ ಸನ್ನಿವೇಶ

ನವಲಗುಂದ, ಅಣ್ಣಿಗೇರಿ, ಕುಂದಗೋಳ ಮತ್ತು ಕಲಘಟಗಿ ತಾಲ್ಲೂಕುಗಳ ಜನರಿಗೆ ಹತ್ತಿರದ ದೊಡ್ಡ ಆಸ್ಪತ್ರೆಗಳಿರುವುದು ಹುಬ್ಬಳ್ಳಿ-ಧಾರವಾಡದಲ್ಲಿ. ಹಿಂದೆ ಕಿಮ್ಸ್ ಎಂಬ ಹೆಸರಿದ್ದ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ಹುಬ್ಬಳ್ಳಿಯಲ್ಲಿದೆ. ಚುಚ್ಚುಮದ್ದಿನ ಜೈವಿಕ ಔಷಧಗಳನ್ನು ಸಾಮಾನ್ಯವಾಗಿ 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡಬೇಕು, ಹೆಪ್ಪುಗಟ್ಟಲು ಬಿಡಬಾರದು. ಬೇಸಿಗೆಯಲ್ಲಿ ಬಸ್ಸಿನಲ್ಲಿ ಒಯ್ಯುವವರಿಗೆ, ಪದೇಪದೇ ವಿದ್ಯುತ್ ಕಡಿತವಾಗುವ ಊರುಗಳಲ್ಲಿ ಇರಿಸಿಕೊಳ್ಳುವವರಿಗೆ ಇದು ಸುಲಭವಲ್ಲ. ಹೀಗಾಗಿ ಹೊಸ ಔಷಧದ ಲಭ್ಯತೆಯಷ್ಟೇ ರೋಗವನ್ನು ಬೇಗ ಗುರುತಿಸುವುದೂ ಮುಖ್ಯ. ಬೆಳಗಿನ ಹೊತ್ತು ಕೀಲುಗಳು ಅರ್ಧ ಗಂಟೆಗಿಂತ ಹೆಚ್ಚು ಕಾಲ ಬಿಗಿಯಾಗಿರುವುದು, ಕೈಬೆರಳ ಗೆಣ್ಣುಗಳ ಊತ ಹಲವು ವಾರ ಇಳಿಯದಿರುವುದು ಇವು ಪರೀಕ್ಷೆ ಅಗತ್ಯವೆಂಬ ಸೂಚನೆಗಳು. ಈ ಹಂತದಲ್ಲೇ ಚಿಕಿತ್ಸೆ ಆರಂಭಿಸಿದರೆ ಅನೇಕರಿಗೆ ಮೆಥೊಟ್ರೆಕ್ಸೇಟ್‌ನಂತಹ ಅಗ್ಗದ ಔಷಧವೇ ಸಾಕಾಗುತ್ತದೆ.