ಬೀಜವಿಲ್ಲದ ಕಿತ್ತಳೆಯ ಹಿಂದಿನ ಮೂರರ ಲೆಕ್ಕ

ಕಿತ್ತಳೆ, ನಿಂಬೆ, ಚಕ್ಕೋತಗಳ ಜೀವಕೋಶದಲ್ಲಿ ಸಾಮಾನ್ಯವಾಗಿ 18 ವರ್ಣತಂತುಗಳಿರುತ್ತವೆ: ತಾಯಿಯಿಂದ ಒಂಬತ್ತು, ತಂದೆಯಿಂದ ಒಂಬತ್ತು. ಅಪರೂಪಕ್ಕೆ 27 ವರ್ಣತಂತುಗಳಿರುವ ಗಿಡವೂ ಹುಟ್ಟುತ್ತದೆ. ಇದನ್ನು ತ್ರಿಗುಣಿತ ಎನ್ನುತ್ತಾರೆ. ಇದರ ಹಣ್ಣಿನಲ್ಲಿ ಬೀಜ ಇರುವುದೇ ಇಲ್ಲ, ಇದ್ದರೂ ಒಂದೋ ಎರಡೋ.

ಬೀಜ ಏಕೆ ಕಟ್ಟುವುದಿಲ್ಲ

ಪರಾಗ ಮತ್ತು ಅಂಡಾಣು ತಯಾರಾಗುವಾಗ ವರ್ಣತಂತುಗಳು ಜೋಡಿಯಾಗಿ ನಿಂತು, ಆಮೇಲೆ ಸಮಪಾಲಾಗಿ ಬೇರೆಯಾಗಬೇಕು. ಮೂರು ಮೂರು ಇದ್ದಾಗ ಪಾಲು ಸರಿಯಾಗದು. ಹಾಗಾಗಿ ಅಂಡಾಣು, ಪರಾಗಗಳಲ್ಲಿ ಬಹುಪಾಲು ನಿಷ್ಫಲವಾಗುತ್ತವೆ. ಆದರೂ ಹಣ್ಣು ಬಿಡುತ್ತದೆ. ಬೀಜದ ನೆರವಿಲ್ಲದೆ ಕಾಯಿ ಬೆಳೆಸುವ ಗುಣ ಈ ಕುಲದ ಎಷ್ಟೋ ತಳಿಗಳಿಗಿದೆ. ನಮ್ಮ ನಂಜನಗೂಡು ರಸಬಾಳೆಯೂ ತ್ರಿಗುಣಿತವೇ.

ಕ್ಲೆಮೆಂಟೈನ್ ಕಿತ್ತಳೆಯ ಕಥೆ ಬೇರೆ. ಒಂದೇ ತಳಿಯ ತೋಟದಲ್ಲಿ ಅದು ಬೀಜ ಕಟ್ಟುವುದಿಲ್ಲ. ಆದರೆ ಜೇನುನೊಣ ಪಕ್ಕದ ತೋಟದಿಂದ ಬೇರೆ ತಳಿಯ ಪರಾಗ ತಂದರೆ ಬೀಜ ತುಂಬುತ್ತದೆ. ಇದೇ ಕಾರಣಕ್ಕೆ ಸ್ಪೇನ್ ಮತ್ತು ಕ್ಯಾಲಿಫೋರ್ನಿಯಾದಲ್ಲಿ ಬೆಳೆಗಾರರಿಗೂ ಜೇನು ಸಾಕುವವರಿಗೂ ಜಗಳವಾಗಿದೆ. ತ್ರಿಗುಣಿತ ಮರವಿದ್ದರೆ ಜೇನನ್ನು ಓಡಿಸಬೇಕಿಲ್ಲ. ತಿನ್ನುವವರ ಸುಖಕ್ಕಿಂತ ಇದೇ ದೊಡ್ಡ ಲಾಭವೆಂದು ನನ್ನ ಎಣಿಕೆ.

ಗಿಡವೇ ತಪ್ಪುವ ಲೆಕ್ಕ

ತ್ರಿಗುಣಿತವೆಂದರೆ ವಂಶವಾಹಿ ತಿದ್ದಿದ ಬೆಳೆಯಲ್ಲ. ಕೆಲವೊಮ್ಮೆ ಅಂಡಾಣು ತನ್ನ ವರ್ಣತಂತುಗಳನ್ನು ಅರ್ಧಕ್ಕಿಳಿಸದೆ 18ನ್ನೂ ಉಳಿಸಿಕೊಳ್ಳುತ್ತದೆ. ಅದಕ್ಕೆ ಪರಾಗದ ಒಂಬತ್ತು ಸೇರಿದರೆ 27. ಕ್ಯಾಲಿಫೋರ್ನಿಯಾದ ರಿವರ್‌ಸೈಡ್‌ನಲ್ಲಿ ಸಂಶೋಧಕರಾದ ಎಸೆನ್ ಮತ್ತು ಸೂಸ್ಟ್ ಇಂಥ ಅನಿರೀಕ್ಷಿತ ತ್ರಿಗುಣಿತಗಳ ಮೂಲವನ್ನು 1971ರಲ್ಲಿ ವಿವರಿಸಿದರು. ಇಂಥ ಅಂಡಾಣು ಕೆಲವು ತಳಿಗಳಲ್ಲಿ ನೂರಕ್ಕೆ ಒಂದು ಸಿಕ್ಕರೆ ಹೆಚ್ಚು. ಇನ್ನು ಕೆಲವಲ್ಲಿ ಹತ್ತಾರು ಸಿಗುತ್ತವೆ.

ನಮ್ಮ ರೈತರು ಬೀಜರಹಿತ ನಿಂಬೆ ಎಂದು ಬೆಳೆಯುವ ತಾಹಿತಿ ನಿಂಬೆ ಹುಟ್ಟಿದ್ದೂ ಹೀಗೆಯೇ. ಅಲ್ಲಿ ಲೆಕ್ಕ ತಪ್ಪಿದ್ದು ಮಾತ್ರ ಪರಾಗದ ಕಡೆ. ನಮ್ಮ ನಾಟಿ ನಿಂಬೆಯ ಜಾತಿಯ ಇಮ್ಮಡಿ ಪರಾಗ ಲೆಮನ್‌ನ ಅಂಡಾಣುವನ್ನು ಸೇರಿದ್ದನ್ನು ವಂಶವಾಹಿ ಪರೀಕ್ಷೆಗಳು ತೋರಿಸಿವೆ.

ಸಣ್ಣ ಬೀಜದ ಹುಡುಕಾಟ

ತಳಿ ತಜ್ಞರ ಕೆಲಸ ಹುಡುಕುವುದು ಮತ್ತು ಉಳಿಸುವುದು. ಎರಡು ಸಾಧಾರಣ ತಳಿಗಳನ್ನು ಕೂಡಿಸಿದಾಗ, ತ್ರಿಗುಣಿತ ಭ್ರೂಣ ಇರುವ ಬೀಜ ಉಳಿದವುಗಳಿಗಿಂತ ಸಣ್ಣದಾಗಿರುತ್ತದೆ. ಮಣ್ಣಿಗೆ ಹಾಕಿದರೆ ಮೊಳೆಯುವುದು ಕಷ್ಟ. ಅದಕ್ಕೇ ಭ್ರೂಣವನ್ನು ಬಿಡಿಸಿ, ಪ್ರಯೋಗಾಲಯದಲ್ಲಿ ಪೋಷಕ ದ್ರವ್ಯದ ಮೇಲೆ ಸಾಕುತ್ತಾರೆ. ಎಲೆಯ ಚೂರನ್ನು ಯಂತ್ರಕ್ಕೆ ಕೊಟ್ಟು ಕೋಶದ ಡಿಎನ್ಎ ಪ್ರಮಾಣ ಅಳೆದು ಸಸಿ ತ್ರಿಗುಣಿತವೇ ಎಂದು ಖಚಿತಪಡಿಸಿಕೊಳ್ಳುತ್ತಾರೆ. ಸ್ಪೇನಿನ ವೆಲೆನ್ಸಿಯಾ ಕೃಷಿ ಸಂಶೋಧನಾ ಸಂಸ್ಥೆ ಫಾರ್ಚೂನ್ ತಳಿಯನ್ನು ತಾಯಿಯಾಗಿಸಿಕೊಂಡು ಸಫೋರ್, ಗಾರ್ಬಿ ಎಂಬ ಕಿತ್ತಳೆಗಳನ್ನು ಪಡೆದದ್ದು ಈ ದಾರಿಯಲ್ಲಿ.

ಚಕ್ಕೋತದ ಮಗಳು

ಇನ್ನೊಂದು ದಾರಿ, 36 ವರ್ಣತಂತುಗಳ ಗಿಡವನ್ನು 18ರ ಗಿಡದೊಂದಿಗೆ ಕೂಡಿಸುವುದು. ರಿವರ್‌ಸೈಡ್‌ನಲ್ಲಿ ಸೂಸ್ಟ್ ಮತ್ತು ಕ್ಯಾಮೆರಾನ್ 1958ರಲ್ಲಿ ಹುಳಿಯಿಲ್ಲದ ಚಕ್ಕೋತಕ್ಕೆ ಅಂಥ ಗ್ರೇಪ್‌ಫ್ರೂಟ್‌ನ ಪರಾಗ ಕೊಟ್ಟರು. ಅದರಿಂದ ಬಂದ ಓರೋಬ್ಲಾಂಕೊ ಬೆಳೆಗಾರರ ಕೈಸೇರಿದ್ದು 1980ರಲ್ಲಿ. ಒಂದು ಹಣ್ಣಿಗೆ ಇಪ್ಪತ್ತೆರಡು ವರ್ಷ!

ಸಸಿ ಕೊಳ್ಳುವವರಿಗೆ

ಬೀಜವೇ ಇಲ್ಲದ ಮರವನ್ನು ಕಸಿ ಕಟ್ಟಿ, ಗೂಟಿ ಹಾಕಿ ಅಥವಾ ಕಡ್ಡಿ ನೆಟ್ಟು ಮಾತ್ರ ಹೆಚ್ಚಿಸಬಹುದು. ಬೀಜದಿಂದ ಎಬ್ಬಿಸಿದ ತಾಹಿತಿ ನಿಂಬೆ ಸಸಿ ಎಂದು ಯಾರಾದರೂ ಮಾರಲು ಬಂದರೆ ಕೊಳ್ಳಬೇಡಿ.